ಕೈಗಳ ಗುರುತಿದೆ, ತಲೆಬುರುಡೆ ಎಲ್ಲಿ?

ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ಲೋಹವನ್ನು ಕತ್ತರಿಸಿ, ಕೊರೆದು ಬಿಡಿಭಾಗಗಳನ್ನು ತಯಾರಿಸಲಾಗುತ್ತದೆ. ಸುಮಾರು 12 ಲಕ್ಷ ವರ್ಷಗಳ ಹಿಂದೆಯೂ ಕರ್ನಾಟಕದಲ್ಲೊಂದು ‘ಕಾರ್ಖಾನೆ’ ಇತ್ತೆಂಬುದು ಬಹಳ ಮಂದಿಗೆ ತಿಳಿಯದು. ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಅವರ ತಂಡ 1997ರಿಂದ 2001ರವರೆಗೆ ಉತ್ಖನನ ನಡೆಸಿ, ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಕೊಡಲಿಗಳನ್ನು ರೂಪಿಸುತ್ತಿದ್ದ ನೆಲೆಯನ್ನು ಬೆಳಕಿಗೆ ತಂದಿತು. ಅದರ ಕಾಲ ನಿರ್ಣಯವಾದದ್ದು ಅಲ್ಲಿಯೇ ದೊರೆತ ಸಸ್ಯಾಹಾರಿ ಪ್ರಾಣಿಗಳ ಹಲ್ಲುಗಳಿಂದ. ಆದರೆ ಆ ಕೊಡಲಿಗಳನ್ನು ಮಾಡಿದವರ ತಲೆಬುರುಡೆ ದೊರೆತಿಲ್ಲ.

ಈ ಕೊರತೆ ಸಣ್ಣದಲ್ಲ. ಉಪಕರಣವು ಕೌಶಲವನ್ನು ಹೇಳುತ್ತದೆ; ಅದನ್ನು ಮಾಡಿದವರು ಯಾರೆಂಬುದನ್ನು ಹೇಳಲಾರದು. ಅದಕ್ಕೆ ಬುರುಡೆಯೇ ಬೇಕು. ಮನುಷ್ಯನಲ್ಲಿ ಮೊದಲು ಬೆಳೆದದ್ದು ಮಿದುಳು ಎಂಬ ನಂಬಿಕೆ ಒಂದು ಕಾಲದಲ್ಲಿ ಪ್ರಬಲವಾಗಿತ್ತು. 1912ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪಿಲ್ಟ್‌ಡೌನ್ ಬುರುಡೆ ಅದಕ್ಕೆ ಪುಷ್ಟಿ ನೀಡಿತು. ಅದು ಮನುಷ್ಯನ ಬುರುಡೆಗೆ ವಾನರನ ದವಡೆ ಜೋಡಿಸಿದ ವಂಚನೆಯೆಂದು ಬಯಲಾದದ್ದು 1953ರಲ್ಲಿ.

ಸತ್ಯವನ್ನು ನುಡಿದದ್ದು 1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್‌ನಲ್ಲಿ ದೊರೆತ ಮಗುವಿನ ಬುರುಡೆ. ಮಿದುಳು ಚಿಕ್ಕದು, ಆದರೆ ಬೆನ್ನುಹುರಿ ಹಾಯುವ ರಂಧ್ರ ಬುರುಡೆಯ ಹಿಂಬದಿಯಲ್ಲಿರದೆ ಅಡಿಭಾಗದಲ್ಲಿ ಮುಂದಕ್ಕಿತ್ತು. ನೆಟ್ಟಗೆ ನಡೆದ ಮೇಲೆಯೇ ಮಿದುಳು ಹಿಗ್ಗಿತೆಂದು ರೇಮಂಡ್ ಡಾರ್ಟ್ ಅರಿತರು. ಜಾರ್ಜಿಯಾದ ದ್ಮಾನಿಸಿಯ ಸುಮಾರು 18 ಲಕ್ಷ ವರ್ಷ ಹಳೆಯ ಬುರುಡೆಗಳು, ಆಫ್ರಿಕಾದಿಂದ ಹೊರಬರಲು ದೊಡ್ಡ ಮಿದುಳು ಬೇಕಿರಲಿಲ್ಲವೆಂದು ತೋರಿಸಿದವು. ಮೊರೊಕ್ಕೊದ ಜೆಬೆಲ್ ಇರ್ಹೂದ್‌ನಲ್ಲಿ ದೊರೆತ ಅವಶೇಷಗಳಿಗೆ ಸುಮಾರು 3 ಲಕ್ಷ ವರ್ಷವಾಗಿದೆಯೆಂದು 2017ರಲ್ಲಿ ಪ್ರಕಟವಾಯಿತು. ಅವುಗಳ ಮುಖ ಬಹುಮಟ್ಟಿಗೆ ನಮ್ಮದೇ. ನೆತ್ತಿಯ ಭಾಗ ಮಾತ್ರ ಇನ್ನೂ ಉದ್ದನೆಯದು.

ಭಾರತದ ಪಾಲಿಗೆ ಇರುವ ಅಂಥ ಮಹತ್ವದ ಬುರುಡೆ ಒಂದೇ. 1982ರ ಡಿಸೆಂಬರ್‌ನಲ್ಲಿ ನರ್ಮದಾ ತೀರದ ಹಥ್ನೋರಾದಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯ ಅರುಣ್ ಸೊನಾಕಿಯಾ ಅದನ್ನು ಕಂಡರು. ಅವರು ಅದನ್ನು ಹೋಮೋ ಎರೆಕ್ಟಸ್ ಎಂದರು. ನಂತರದ ಕೆಲವು ತಜ್ಞರು ಪ್ರಾಚೀನ ಹೋಮೋ ಸೇಪಿಯನ್ಸ್ ಎಂದರು. ಒಂದೇ ಸಾಕ್ಷಿಯಿರುವ ಮೊಕದ್ದಮೆಯಲ್ಲಿ ತೀರ್ಪು ಕಷ್ಟ.

ಇಸಾಂಪುರದ ಮಣ್ಣು 12 ಲಕ್ಷ ವರ್ಷ ಪ್ರಾಣಿಗಳ ಹಲ್ಲುಗಳನ್ನು ಕಾಪಾಡಿದೆ. ಎರಡನೆಯ ಸಾಕ್ಷಿಯೂ ಆ ಕಣಿವೆಯಲ್ಲಿ ಇರಬಾರದೆಂದೇನಿಲ್ಲ. ರೈತನಿಗೆ ನೀರು, ಊರಿಗೆ ರಸ್ತೆ ಬೇಕೇ ಬೇಕು. ಆದರೆ ಅಲ್ಲಿ ಕಾಲುವೆ, ರಸ್ತೆಗಳಿಗೆ ಮಣ್ಣು ತೆಗೆಯುವ ಮುನ್ನ ತಜ್ಞರಿಂದ ನೆಲ ಪರಿಶೀಲಿಸುವ ವೆಚ್ಚ, ಕಾಮಗಾರಿಯ ಅಂದಾಜಿನಲ್ಲಿ ತೀರಾ ಅಲ್ಪ. ಒಡೆದ ರಸ್ತೆಯನ್ನು ಮತ್ತೆ ಕಟ್ಟಬಹುದು. ಯಂತ್ರದ ಹಲ್ಲಿಗೆ ಸಿಕ್ಕಿ ಪುಡಿಯಾದ ಬುರುಡೆಯನ್ನು ಯಾವ ಆಯವ್ಯಯವೂ ಮರಳಿ ತರಲಾರದು.