ಕುದಿಸಿದರೂ ಹೋಗದ್ದು, ಕ್ಲೋರಿನ್ನಿಗೆ ಬಗ್ಗುವುದು

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಚಿತ್ರದುರ್ಗದ ಕಡೆಯ ಹಳ್ಳಿಗಳಲ್ಲಿ ಕುಡಿಯುವ ನೀರು ಬರುವ ದಾರಿ ಬಹುಮಟ್ಟಿಗೆ ಒಂದೇ. ಊರಾಚೆ ಕೊಳವೆಬಾವಿ, ಅದರೊಳಗೆ ಸಬ್‌ಮರ್ಸಿಬಲ್ ಪಂಪು. ಕರೆಂಟು ಇದ್ದಾಗ ನೀರು ಓವರ್‌ಹೆಡ್ ಟ್ಯಾಂಕಿಗೆ ಏರುತ್ತದೆ. ನೀರುಗಂಟಿ ವಾಲ್ವ್ ತಿರುಗಿಸಿದಾಗ ಬೀದಿಬೀದಿಗೆ ಸರದಿಯಂತೆ ನಲ್ಲಿಗೆ ಬರುತ್ತದೆ. ಈ ದಾರಿಯಲ್ಲಿ ನೀರು ಕೆಡುವುದು ಎರಡು ಕಡೆ: ನೆಲದೊಳಗಿನ ಬಂಡೆಯ ಸಂದಿನಲ್ಲಿ, ಮೇಲೆ ಬಂದ ನಂತರ ಟ್ಯಾಂಕು-ಪೈಪುಗಳಲ್ಲಿ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಇದು ತಿಳಿಯದೆ ಎಷ್ಟೋ ಮನೆಗಳವರು ಫ್ಲೋರೈಡ್ ನೀರನ್ನು ಕುದಿಸಿ ನಿಶ್ಚಿಂತರಾಗಿರುತ್ತಾರೆ.

ಮೊದಲು ಬಂಡೆಯ ವಿಷಯ. ಈ ಸೀಮೆಯ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಕಲ್ಲು. ಅದರಲ್ಲಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರು ಬಂಡೆಯ ಬಿರುಕಿನಲ್ಲಿ ಹೆಚ್ಚು ಕಾಲ ನಿಂತಷ್ಟೂ ಹೆಚ್ಚು ಫ್ಲೋರೈಡ್ ಕರಗಿಸಿಕೊಳ್ಳುತ್ತದೆ. ಕೆರೆಗಳು ಹೂಳು ತುಂಬಿ, ತೆರೆದ ಬಾವಿಗಳು ಬತ್ತಿ, ಕೋಲಾರದಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಸಾಮಾನ್ಯವಾದವು. ಅಷ್ಟು ಆಳದ ನೀರು ಬಹುಕಾಲದಿಂದ ಕಲ್ಲಿನ ಸಹವಾಸದಲ್ಲಿದ್ದದ್ದು. ಅದು ನೋಡಲು ತಿಳಿ, ವಾಸನೆಯೂ ಇಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ.

ಭಾರತೀಯ ಮಾನಕ ಬ್ಯೂರೋ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ಮೂಲವೇ ಇಲ್ಲದಿದ್ದರೆ 1.5ರ ವರೆಗೆ ಸಹಿಸಬಹುದು. ಅದಕ್ಕೂ ಮೀರಿದ ನೀರನ್ನು ಕುಡಿದು ಬೆಳೆದ ಮಕ್ಕಳಲ್ಲಿ ಒಸಡಿನೊಳಗೆ ಹಲ್ಲು ರೂಪುಗೊಳ್ಳುವಾಗಲೇ ಕಲೆ ಕೂರುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇನ್ನೂ ಹೆಚ್ಚಿನ ಪ್ರಮಾಣವನ್ನು ವರ್ಷಗಟ್ಟಲೆ ಕುಡಿದವರ ಕೀಲು ಬಿಗಿದು ಬೆನ್ನು ಬಾಗುತ್ತದೆ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಅಲ್ಲೇ ಉಳಿಯುತ್ತದೆ, ಅಂದರೆ ಸಾಂದ್ರವಾಗುತ್ತದೆ. ತಿಪ್ಪೆಗುಂಡಿ, ಯೂರಿಯಾಗಳಿಂದ ಇಳಿಯುವ ನೈಟ್ರೇಟಿನ ಕಥೆಯೂ ಹೀಗೇ.

ಇದಕ್ಕೆ ಊರೂರಲ್ಲಿ ಶುದ್ಧ ನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುತ್ತದೆ. ಒಳಗಿನ ಆರ್‌ಓ ಪೊರೆಯ ಮೂಲಕ ನೀರನ್ನು ಒತ್ತಡದಿಂದ ನೂಕಿದಾಗ ಲವಣ, ಫ್ಲೋರೈಡ್ ಹಿಂದುಳಿಯುತ್ತವೆ. ಅವನ್ನು ಹೊತ್ತ ತ್ಯಾಜ್ಯ ನೀರು ಬೇರೆ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಆ ಪೈಪು ಎಲ್ಲಿಗೆ ಹೋಗುತ್ತದೆ, ಪೊರೆ ಬದಲಿಸಿದ್ದು ಯಾವಾಗ ಎಂದು ಕೇಳುವ ಹಕ್ಕು ಊರವರಿಗಿದೆ. ಟಿಡಿಎಸ್ ಮೀಟರ್ ತೋರಿಸಿ ಸಮಾಧಾನ ಹೇಳಿದರೆ ಸಾಲದು. ಅದು ಒಟ್ಟು ಲವಣದ ಅಂದಾಜು ಕೊಡುತ್ತದೆಯೇ ಹೊರತು ಫ್ಲೋರೈಡ್ ಎಷ್ಟೆಂದು ಹೇಳುವುದಿಲ್ಲ, ರೋಗಾಣುವಿನ ಸುದ್ದಿಯಂತೂ ಅದಕ್ಕೆ ಗೊತ್ತೇ ಇಲ್ಲ. ಕ್ಯಾನ್ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಂಡು ಅನ್ನ, ಸಾರು, ಮುದ್ದೆಗೆ ನಲ್ಲಿ ನೀರು ಬಳಸುವ ಮನೆಗಳೇ ಹೆಚ್ಚು. ಆ ದಾರಿಯಲ್ಲೂ ಫ್ಲೋರೈಡ್ ಹೊಟ್ಟೆ ಸೇರುತ್ತದೆ. ಚಾವಣಿಯ ಮಳೆನೀರನ್ನು ಮೊದಲ ಮಳೆಯ ಕೊಳೆ ಬಿಟ್ಟು ತೊಟ್ಟಿಗೆ ಹಿಡಿದರೆ ಅಡುಗೆಗಾದರೂ ಆಗುತ್ತದೆ. ಅದರಲ್ಲಿ ಕಲ್ಲಿನ ಫ್ಲೋರೈಡ್ ಇರುವುದಿಲ್ಲ.

ಇನ್ನು ರೋಗಾಣು. ನಮ್ಮ ಪೈಪುಗಳಲ್ಲಿ ದಿನವಿಡೀ ನೀರಿರುವುದಿಲ್ಲ. ಸರಬರಾಜು ನಿಂತೊಡನೆ ಒತ್ತಡ ಇಳಿಯುತ್ತದೆ. ಪೈಪು ಚರಂಡಿ ಪಕ್ಕದಲ್ಲೋ, ಕೊಳಚೆ ತುಂಬಿದ ವಾಲ್ವ್ ಗುಂಡಿಯಲ್ಲೋ ಹಾದುಹೋಗಿದ್ದು ಅಲ್ಲೊಂದು ಸಣ್ಣ ಬಿರುಕಿದ್ದರೆ ಹೊರಗಿನ ಗಲೀಜು ಒಳಗೆ ಸೇರುತ್ತದೆ. ಮರುದಿನದ ಮೊದಲ ಬಿಂದಿಗೆಗೆ ಬರುವುದು ಅದೇ. ವಾಂತಿಭೇದಿ ಇಡೀ ಊರಿಗೆ ಹರಡದೆ ಒಂದೇ ಬೀದಿಯಲ್ಲಿ ಕಾಣಿಸಿಕೊಂಡರೆ ಮೊದಲು ಅನುಮಾನಿಸಬೇಕಾದದ್ದು ಪೈಪನ್ನು.

ಇಲ್ಲಿ ಬೇಕಾದದ್ದು ಬ್ಲೀಚಿಂಗ್ ಪೌಡರ್. ಹೊಸ ಪುಡಿಯಾದರೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ, ಅಂದರೆ 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ. ಪುಡಿಯನ್ನು ಹಾಗೆಯೇ ಟ್ಯಾಂಕಿಗೆ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮತ್ತಷ್ಟು ನೀರು ಬೆರೆಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಬಿಟ್ಟು, ಕನಿಷ್ಠ ಅರ್ಧ ಗಂಟೆ ಕಾದು ವಾಲ್ವ್ ತೆರೆಯಬೇಕು. ಬಾಯಿ ತೆರೆದಿಟ್ಟ ಚೀಲದ ಪುಡಿ ಸತ್ತ್ವ ಕಳೆದುಕೊಂಡಿರುತ್ತದೆ. ಅದನ್ನು ಎಷ್ಟು ಹಾಕಿದರೂ ಲೆಕ್ಕ ತಪ್ಪುತ್ತದೆ. ಈ ಕೆಲಸ ಮಾಡುವ ನೀರುಗಂಟಿಗೆ ತರಬೇತಿ, ಕೈಗವಸು, ಹೊಸ ಪುಡಿ ಮತ್ತು ಸಕಾಲಕ್ಕೆ ಸಂಬಳ ಸಿಗಬೇಕು. ಇಡೀ ಊರಿನ ಆರೋಗ್ಯ ಅವರ ಕೈಯಲ್ಲಿದೆ.

ಪರೀಕ್ಷೆ ಟ್ಯಾಂಕಿನ ಬುಡದಲ್ಲಲ್ಲ, ಕಡೆಯ ಮನೆಯ ನಲ್ಲಿಯಲ್ಲಿ ಆಗಬೇಕು. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದನ್ನು ನೋಡುವ ಕಿಟ್‌ಗಳನ್ನು ಜಲಜೀವನ ಮಿಷನ್ ಅಡಿ ಪಂಚಾಯಿತಿಗಳಿಗೆ ಕೊಟ್ಟು, ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಡುವ ಏರ್ಪಾಡಿದೆ. ರೋಗಾಣು ಪತ್ತೆಗೆ ಪರೀಕ್ಷಾ ರಾಸಾಯನಿಕವಿರುವ ಪುಟ್ಟ ಬಾಟಲಿ ಸಾಕು: ನೀರು ತುಂಬಿಸಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಸೋಂಕಿನ ಶಂಕೆ. ಅಂಥ ನೀರನ್ನು ಕುದಿಸಿ ಕುಡಿಯುತ್ತ, ಸೋರುವ ಜಾಗ ಹುಡುಕಿಸಬೇಕು.

ವರದಿ ಕೈಗೆ ಬಂದಾಗ ಅದು ಯಾವ ಕೊಳವೆಬಾವಿಯದು ಎಂದು ನೋಡಿ. ಬೇಸಿಗೆಯಲ್ಲಿ ಹಳೆಯದು ಬತ್ತಿ ಹೊಸದು ಕೊರೆಯುತ್ತಾರೆ, ಇಲ್ಲವೇ ಯಾರದೋ ತೋಟದ ಬೋರಿನಿಂದ ಟ್ಯಾಂಕರಿನಲ್ಲಿ ತರಿಸುತ್ತಾರೆ. ನೂರು ಗಜದ ಅಂತರದಲ್ಲೇ ಫ್ಲೋರೈಡಿನ ಪ್ರಮಾಣ ಬೇರೆಯಾಗಬಹುದು. ಹೊಸ ನೀರು ಟ್ಯಾಂಕಿಗೆ ಏರುವ ಮೊದಲೇ ಅದರ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು.