ಚಿತ್ರಸಂತೆಗೆ ನಮ್ಮ ಮಕ್ಕಳೂ ಹೋಗಲಿ

ಬೆಂಗಳೂರಿನ ಶಿವಾನಂದ ಸರ್ಕಲ್ ಹತ್ತಿರದ ಕುಮಾರಕೃಪಾ ರಸ್ತೆಯಲ್ಲಿ ಸಾಧಾರಣ ದಿನಗಳಲ್ಲಿ ದಾಟಲಿಕ್ಕೂ ಕಷ್ಟ. ವರ್ಷಕ್ಕೆ ಒಂದು ಭಾನುವಾರ ಮಾತ್ರ ವಾಹನ ನಿಲ್ಲಿಸಿ ಆ ರಸ್ತೆಯನ್ನು ಚಿತ್ರ ಬರೆಯುವವರಿಗೆ ಬಿಟ್ಟುಕೊಡುತ್ತಾರೆ. ಅದೇ ಚಿತ್ರಸಂತೆ. ನಡೆಸುವುದು ಅದೇ ರಸ್ತೆಯಲ್ಲಿರುವ ಕರ್ನಾಟಕ ಚಿತ್ರಕಲಾ ಪರಿಷತ್ತು. ಅಲ್ಲಿ ಒಂದು ಕಲಾ ಕಾಲೇಜು ಉಂಟು, ಕಾಲೇಜಿಗೆ ಅಂಟಿಕೊಂಡೇ ಒಂದು ಕಲಾ ಮ್ಯೂಸಿಯಂ ಉಂಟು.

ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕಡೆ ಬೇಕರಿ, ಹೋಟೆಲು, ಹಣ್ಣಿನ ಅಂಗಡಿ ಇಟ್ಟುಕೊಂಡಿರುವ ನಮ್ಮ ಬ್ಯಾರಿ ಕುಟುಂಬಗಳಿಗೆ ಮೆಜೆಸ್ಟಿಕ್ ಗೊತ್ತು, ಶಿವಾಜಿನಗರ ಗೊತ್ತು, ಕೆ.ಆರ್. ಮಾರುಕಟ್ಟೆಯಂತೂ ಕಣ್ಣುಮುಚ್ಚಿ ಗೊತ್ತು. ಚಿತ್ರಕಲಾ ಪರಿಷತ್ತಿಗೆ ಹೋಗಿದ್ದೀರಾ ಎಂದು ಕೇಳಿದರೆ, "ಹೊರಗಿನಿಂದ ನೋಡಿದ್ದೇವೆ ಉಸ್ತಾದ್, ಒಳಗೆ ನಮಗೆ ಎಂತ ಕೆಲಸ?" ಎಂಬ ಉತ್ತರ ಬರುತ್ತದೆ. ಒಳಗೆ ನಮಗೂ ಕೆಲಸ ಉಂಟು ಎಂದು ಹೇಳಲಿಕ್ಕೇ ಈ ವಾರದ ಬರಹ.

ರಸ್ತೆಗೆ ಬಂದ ಕಾಲೇಜು

ಪರಿಷತ್ತು ಶುರುವಾದದ್ದು 1960ರಲ್ಲಿ. ಎಂ. ಆರ್ಯಮೂರ್ತಿ ಮತ್ತು ಎಂ.ಎಸ್. ನಂಜುಂಡರಾವ್ ಅದನ್ನು ಕಟ್ಟಿ ಬೆಳೆಸಿದವರು. ಚಿತ್ರಕಲೆ ಕಲಿಸುವ ಕಾಲೇಜು 1983ರಲ್ಲಿ ಆರಂಭವಾಯಿತು. ಮ್ಯೂಸಿಯಂನಲ್ಲಿ ಇಷ್ಟೆಲ್ಲ ಇದ್ದರೂ ಸಾಮಾನ್ಯ ಜನ ಗೇಟಿನ ಒಳಗೆ ಬರಲು ಹಿಂಜರಿಯುತ್ತಾರೆ ಎಂಬುದು ಎಲ್ಲ ಕಡೆಯ ಕಥೆ. ಜನ ಒಳಗೆ ಬರದಿದ್ದರೆ ಚಿತ್ರಗಳೇ ಹೊರಗೆ ಬರಲಿ ಎನ್ನುವ ಹಾಗೆ ಚಿತ್ರಸಂತೆ ಬಂತು. "ಎಲ್ಲರಿಗಾಗಿ ಕಲೆ" ಎಂಬುದು ಅದರ ಮಾತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಡೆದು ಬಂದಿದೆ. ಕೊರೊನಾ ಕಾಲದಲ್ಲಿ, 2021ರಲ್ಲಿ, ಆನ್‌ಲೈನ್‌ನಲ್ಲಿ ನಡೆಸಿದರೇ ಹೊರತು ಬಿಟ್ಟುಬಿಡಲಿಲ್ಲ. 2025ರ ಜನವರಿ 5ರಂದು ನಡೆದದ್ದು 22ನೆಯ ಸಂತೆ, ಅದನ್ನು ಹೆಣ್ಣುಮಕ್ಕಳಿಗೆ ಅರ್ಪಿಸಿದ್ದರು. ಅದರ ಹಿಂದಿನ ವರ್ಷ ಇಸ್ರೋ ವಿಜ್ಞಾನಿಗಳಿಗೆ ಅರ್ಪಿಸಿದ್ದರು.

ಸುಮಾರು 1,500 ಕಲಾವಿದರು ಬೇರೆ ಬೇರೆ ರಾಜ್ಯಗಳಿಂದ ಬಂದು ರಸ್ತೆಯ ಎರಡೂ ಬದಿಯಲ್ಲಿ ಕೂರುತ್ತಾರೆ. ನೂರು ರೂಪಾಯಿಯ ಚಿತ್ರವೂ ಸಿಗುತ್ತದೆ, ಲಕ್ಷದ್ದೂ ಉಂಟು. ಪ್ರವೇಶಕ್ಕೆ ಹಣ ಇಲ್ಲ. ದಲ್ಲಾಳಿ ಇಲ್ಲ, ಬರೆದವರ ಕೈಯಿಂದ ನೇರ ಕೊಳ್ಳಬಹುದು. ಕೊಳ್ಳದಿದ್ದರೂ ಯಾರೂ ಮುಖ ಸಿಂಡರಿಸುವುದಿಲ್ಲ. "ಇದನ್ನು ಹೇಗೆ ಮಾಡಿದಿರಿ?" ಎಂದು ಮಗು ಕೇಳಿದರೆ ಕುಂಚ ಕೈಯಲ್ಲಿ ಹಿಡಿದೇ ಉತ್ತರ ಕೊಡುವವರು ಅಲ್ಲಿ ಬೇಕಾದಷ್ಟು ಮಂದಿ. ಮಕ್ಕಳ ಮಟ್ಟಿಗೆ ಸಂತೆಯ ದೊಡ್ಡ ಲಾಭ ಇದೇ.

ಒಳಗೆ ಎಂತ ಉಂಟು?

ಸಂತೆ ವರ್ಷಕ್ಕೆ ಒಂದೇ ದಿನ. ಉಳಿದ ದಿನಗಳಲ್ಲೂ ಪರಿಷತ್ತಿನ ಗ್ಯಾಲರಿಗಳಲ್ಲಿ ಚಿತ್ರ ಪ್ರದರ್ಶನ, ಅಂಗಳದಲ್ಲಿ ಕರಕುಶಲ ಮೇಳ ಎಂದು ಏನಾದರೂ ನಡೆಯುತ್ತಿರುತ್ತದೆ.

ಮ್ಯೂಸಿಯಂನಲ್ಲಿ ಚಿನ್ನದ ರೇಕು ಅಂಟಿಸಿದ ಮೈಸೂರು ಶೈಲಿಯ ಚಿತ್ರಗಳಿವೆ. ತೊಗಲುಗೊಂಬೆಗಳಿವೆ. ಊರೂರು ತಿರುಗಿ ಆಟ ಆಡಿಸುತ್ತಿದ್ದ ಬಡ ಕುಟುಂಬಗಳ ಕೈಕೆಲಸ ಅದು. ನಂಜುಂಡರಾವ್ ಹಳ್ಳಿಗಳಲ್ಲಿ ಹುಡುಕಿ ಸಂಗ್ರಹಿಸದಿದ್ದರೆ ಎಷ್ಟೋ ಗೊಂಬೆಗಳು ಹಾಳಾಗಿ ಹೋಗುತ್ತಿದ್ದವು. ರಷ್ಯಾದ ನಿಕೊಲಾಯ್ ರೋರಿಕ್ ಮತ್ತು ಅವರ ಮಗ ಸ್ವೆತೊಸ್ಲಾವ್ ರೋರಿಕ್ ಬರೆದ ಚಿತ್ರಗಳಿಗೆ ಬೇರೆಯೇ ಗ್ಯಾಲರಿ ಉಂಟು. ಮಗ ರೋರಿಕ್ ನಟಿ ದೇವಿಕಾರಾಣಿಯವರನ್ನು ಮದುವೆಯಾಗಿ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದ್ದರು. ಉದ್ಯಮಿ ಎಚ್.ಕೆ. ಕೇಜ್ರಿವಾಲ್ ತಾವು ಕೂಡಿಟ್ಟ ಚಿತ್ರಗಳನ್ನು ಇದೇ ಮ್ಯೂಸಿಯಂಗೆ ಕೊಟ್ಟರು. ಒಬ್ಬನ ಮನೆಯ ಗೋಡೆಯಲ್ಲಿ ಇರಬೇಕಾದದ್ದು ಹೀಗೆ ಎಲ್ಲರ ಮಕ್ಕಳ ಕಣ್ಣಿಗೆ ಬಿತ್ತು.

ಕಾಲೇಜಿಗೆ ಮ್ಯೂಸಿಯಂ ಇರುವುದು ಹೊಸ ವಿಷಯ ಏನಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಆಶ್ಮೋಲಿಯನ್ ಮ್ಯೂಸಿಯಂ 1683ರಲ್ಲೇ ಬಾಗಿಲು ತೆರೆಯಿತು. ಇಸ್ಲಾಮೀ ನಾಡುಗಳ ಕಲೆಗೂ ಅಲ್ಲಿ ಜಾಗ ಉಂಟು, ಒಳಗೆ ಹೋಗಲು ಇವತ್ತಿಗೂ ಹಣ ಇಲ್ಲ. ಅಷ್ಟು ದೂರ ಯಾಕೆ, ನಮ್ಮ ಮಂಗಳೂರಿನ ಬಾವುಟಗುಡ್ಡೆಯನ್ನೇ ನೋಡಿ. ಸಂತ ಅಲೋಶಿಯಸ್ ಕಾಲೇಜಿನ ಮ್ಯೂಸಿಯಂ 1913ರದ್ದು. ಊರಿನ ಮೊದಲ ಕಾರು ಈಗ ಅಲ್ಲೇ ನಿಂತಿದೆ. ಪಕ್ಕದ ಚಾಪೆಲ್‌ನ ಗೋಡೆ, ಮಾಡಿನ ಚಿತ್ರಗಳನ್ನು ಇಟಲಿಯಿಂದ ಬಂದ ಅಂತೋನಿಯೋ ಮೊಸ್ಕೇನಿ ನೂರಿಪ್ಪತ್ತು ವರ್ಷದ ಹಿಂದೆ ಬರೆದರು. ಹಂಪನಕಟ್ಟೆಗೆ ಬಂದು ಹೋಗುವ ನಾವು ಆ ಗುಡ್ಡೆ ಹತ್ತುವುದು ಎಷ್ಟು ಸಲ?

"ಚಿತ್ರ ನಮಗೆ ಆಗುವುದಿಲ್ಲವಲ್ಲ?"

ಈ ಪ್ರಶ್ನೆಯನ್ನು ಬದಿಗಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಜೀವಿಗಳ ರೂಪ ಬರೆಯುವ ಬಗ್ಗೆ ಉಲಮಾಗಳ ಮಾತು ಏನೆಂಬುದು ನಮ್ಮ ಮನೆಗಳಿಗೆ ಗೊತ್ತಿದೆ. ಆ ವಿಷಯದಲ್ಲಿ ಸಂಶಯ ಇದ್ದವರು ತಮ್ಮ ಮಹಲ್ಲಿನ ಖತೀಬರನ್ನು ಕೇಳಿಕೊಳ್ಳಬೇಕು. ಆದರೆ ಆ ಒಂದು ಮಾತು ಹಿಡಿದುಕೊಂಡು ಬಣ್ಣ, ಗೆರೆ, ಅಕ್ಷರ, ಬಳ್ಳಿ, ಎಲೆ, ಕಟ್ಟಡ ಎಲ್ಲಕ್ಕೂ ಬಾಗಿಲು ಹಾಕಿದರೆ ನಮ್ಮದೇ ಆಸ್ತಿಗೆ ನಾವು ಬೀಗ ಹಾಕಿದ ಹಾಗೆ.

ಬೀದರಿಗೆ ಹೋದವರು ಮಹಮೂದ್ ಗವಾನರ ಮದರಸ ನೋಡಿರಬಹುದು. 1472ರಲ್ಲಿ ಕಟ್ಟಿದ್ದು. ಅದರ ಮುಂದಿನ ಗೋಡೆ, ಮಿನಾರಿನ ಮೇಲೆ ಬಣ್ಣದ ಹೆಂಚುಗಳನ್ನು ಕೂರಿಸಿ, ಅದರಲ್ಲೇ ಕುರ್‌ಆನ್ ಆಯತ್ತುಗಳನ್ನು ಬರೆದಿದ್ದರು. ಅರ್ಧಕ್ಕರ್ಧ ಉದುರಿದ್ದರೂ ಉಳಿದ ನೀಲಿ ಬಣ್ಣ ಇವತ್ತಿಗೂ ಕಣ್ಣು ಸೆಳೆಯುತ್ತದೆ. ಮದರಸದ ಗೋಡೆಯೇ ಅಲ್ಲಿ ಮಕ್ಕಳಿಗೆ ಚಿತ್ರಶಾಲೆ. ವಿಜಯಪುರದ ಇಬ್ರಾಹಿಂ ರೋಜಾದ ಗೋಡೆಗಳಲ್ಲಿ ಕಲ್ಲಿನಲ್ಲೇ ಅಕ್ಷರ ಅರಳಿದೆ. ಬಿದ್ರಿ ಕೆಲಸದ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಕಪ್ಪು ಲೋಹದಲ್ಲಿ ಬೆಳ್ಳಿ ತಂತಿ ಕೂರಿಸುವ ಮೊದಲು ಅದರ ಮೇಲೆ ಬಳ್ಳಿ, ಹೂವು ಬರೆಯಲೇ ಬೇಕು. ಆ ಕೆಲಸದ ಬೇರು ಚಿತ್ರದಲ್ಲೇ ಇದೆ.

ನಮ್ಮ ಮದರಸದ ಮಕ್ಕಳಲ್ಲೂ ಈ ಕೈ ಇದೆ. ಅಲಿಫ್, ಬಾ ಬರೆಯಲು ಕೊಟ್ಟರೆ ಕೆಲವರು ಪುಟದ ಅಂಚಿಗೆಲ್ಲ ಬಳ್ಳಿ ಎಳೆದು ತರುತ್ತಾರೆ. ಹೆಣ್ಣುಮಕ್ಕಳು ಪೆರ್ನಾಲಿನ ಹಿಂದಿನ ರಾತ್ರಿ ಇಡೀ ಮನೆಯವರ ಕೈಗೆ ಮೈಲಾಂಜಿ ಇಡುತ್ತಾರಲ್ಲ, ಕಾಗದದಲ್ಲಿ ನೋಡಿಕೊಳ್ಳದೆ ಬೆರಳಿನ ಸುತ್ತ ಒಂದೇ ಅಳತೆಯಲ್ಲಿ ಹೂವು ತಿರುಗಿಸುವುದು ಸಣ್ಣ ವಿದ್ಯೆಯಾ? ಏಳನೇ ತರಗತಿ ತನಕ ಅದನ್ನು ನೋಡಿ "ಮಾಶಾ ಅಲ್ಲಾಹ್" ಎನ್ನುತ್ತೇವೆ. ಎಸೆಸೆಲ್ಸಿ ಬಂದ ಕೂಡಲೇ "ಇದೆಲ್ಲ ಬಿಟ್ಟು ಪಾಠ ಓದು" ಎನ್ನುತ್ತೇವೆ. ಮಗು ಪೆನ್ಸಿಲ್ ಕೆಳಗಿಡುವುದು ಆಗಲೇ.

ಕಲಿತರೆ ಅನ್ನ ಉಂಟಾ?

ಉಪ್ಪಂದಿರ ಮುಖ್ಯ ಪ್ರಶ್ನೆ ಇದು, ತಪ್ಪೂ ಅಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದು ಬೇಕರಿಯ ಒಲೆ ಹೊತ್ತಿಸುವವರಿಗೆ ಮಗನ ಸಂಪಾದನೆಯ ಚಿಂತೆ ಇರುತ್ತದೆ.

ಆ ಬೇಕರಿಯನ್ನೇ ಒಮ್ಮೆ ಸುತ್ತು ನೋಡಿ. ಹೊರಗಿನ ಬೋರ್ಡು, ಸ್ವೀಟ್ ಬಾಕ್ಸಿನ ಮೇಲಿನ ಹೂವು, ಕೇಕಿನ ಮೇಲಿನ ಕ್ರೀಮ್, ಆಫರಿನ ಪೋಸ್ಟರ್, ಎಲ್ಲವನ್ನೂ ಯಾರೋ ಬರೆದಿದ್ದಾರೆ. ಅವರಿಗೆ ನಾವು ಹಣ ಕೊಟ್ಟಿದ್ದೇವೆ. ದೊಡ್ಡಬಳ್ಳಾಪುರವಂತೂ ಮಗ್ಗದ ಊರು. ಸೀರೆಯ ಅಂಚಿನಲ್ಲಿ ಕಾಣುವ ಮಾವಿನಕಾಯಿ ಮಗ್ಗಕ್ಕೆ ಹೋಗುವ ಮೊದಲು ಒಬ್ಬ ಡಿಸೈನರನ ಕೈಯಲ್ಲಿ ಹುಟ್ಟಬೇಕು. ಮೊದಲು ಗ್ರಾಫ್ ಕಾಗದದಲ್ಲಿ ಚೌಕ ಚೌಕ ತುಂಬುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಕೈಗೆ ಗೆರೆ ಗೊತ್ತಿಲ್ಲದಿದ್ದರೆ ಕಂಪ್ಯೂಟರು ಎಂತ ಮಾಡುತ್ತದೆ? ಹಣ ಕೊಟ್ಟು ಬೇರೆಯವರಿಂದ ಮಾಡಿಸುವ ಕೆಲಸವನ್ನು ನಮ್ಮ ಮಕ್ಕಳಿಗೆ ಕಲಿಸಲು ಮಾತ್ರ ಯಾಕೆ ಹಿಂಜರಿಕೆ?

ಪಿಯುಸಿ ಮುಗಿಸಿದವರು ಚಿತ್ರಕಲೆಯಲ್ಲಿ ಪದವಿ ಓದಬಹುದು. ಬಿವಿಎ ಎಂದು ಅದರ ಹೆಸರು. ಅದರಲ್ಲಿ ಚಿತ್ರ, ಶಿಲ್ಪ, ಮುದ್ರಣ ಕಲೆಯ ಜೊತೆಗೆ ಜಾಹೀರಾತು, ಪ್ಯಾಕಿಂಗ್, ಪುಸ್ತಕ ವಿನ್ಯಾಸಕ್ಕೆ ಬೇಕಾದ ಅನ್ವಯಿಕ ಕಲೆಯೂ ಉಂಟು. ಯಾವ ವಿಭಾಗ ಹಿಡಿಯಬೇಕು, ಯಾವುದು ನಮ್ಮ ಮನೆಗೆ ಸರಿ ಹೋಗುತ್ತದೆ ಎಂದು ಉಮ್ಮ ಉಪ್ಪ ಮಕ್ಕಳ ಜೊತೆ ಕೂತು ಆರಿಸಿಕೊಳ್ಳಬಹುದು. ಸಂತೆಯ ದಿನ ಅಲ್ಲಿರುವ ವಿದ್ಯಾರ್ಥಿಗಳನ್ನೇ ಮಾತನಾಡಿಸಿ ಕೇಳಿ. ಬ್ರೋಷರಿನಲ್ಲಿ ಇಲ್ಲದ್ದನ್ನೂ ಅವರು ಹೇಳುತ್ತಾರೆ.

ಹೋಗುವುದು ಹೇಗೆ?

ಸಂತೆ ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರದ ಹೊತ್ತಿಗೆ ಬರುತ್ತದೆ. ತಾರೀಕು ಪತ್ರಿಕೆಗಳಲ್ಲಿ ಮೊದಲೇ ಪ್ರಕಟವಾಗುತ್ತದೆ. ನೆಲಮಂಗಲದವರು ಮಾದಾವರಕ್ಕೆ ಬಂದು ಹಸಿರು ಮಾರ್ಗದ ಮೆಟ್ರೋ ಹತ್ತಿ, ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಬಹುದು. ಹೊಸಕೋಟೆಯವರಿಗೆ ಕೆ.ಆರ್. ಪುರದಿಂದ ಮೆಜೆಸ್ಟಿಕ್‌ಗೆ ನೇರಳೆ ಮಾರ್ಗದ ಮೆಟ್ರೋ ಉಂಟು. ದೊಡ್ಡಬಳ್ಳಾಪುರ, ದೇವನಹಳ್ಳಿಯವರು ಮೆಜೆಸ್ಟಿಕ್ ಬಸ್ಸು ಹತ್ತಿದರೆ ಸಾಕು. ಮಧ್ಯಾಹ್ನದ ನಂತರ ಕಾಲಿಡಲು ಜಾಗ ಇರುವುದಿಲ್ಲ, ಸಣ್ಣ ಮಕ್ಕಳಿದ್ದರೆ ಬೆಳಗ್ಗೆಯೇ ಹೋಗಿ. ಮಕ್ಕಳ ಕಿಸೆಯಲ್ಲಿ ಫೋನ್ ನಂಬರಿನ ಚೀಟಿ ಇಡಿ. ಲುಹರ್ ನಮಾಝಿಗೆ ಹತ್ತಿರದ ಮಸೀದಿ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳಿ. ಬೇರೆ ದಿನ ಮ್ಯೂಸಿಯಂ ನೋಡಲು ಹೋಗುವವರು ಸಮಯ, ಟಿಕೆಟ್ ಕೇಳಿಕೊಂಡು ಹೊರಡುವುದು ಒಳ್ಳೆಯದು.

ಒಂದು ತೊಡಕು ನಮ್ಮ ಕಡೆಯಲ್ಲೇ ಉಂಟು. ಮದರಸಕ್ಕೆ ರಜೆ ಶುಕ್ರವಾರ, ಸಂತೆ ಭಾನುವಾರ. ಆ ಒಂದು ಭಾನುವಾರ ಮದರಸಕ್ಕೆ ರಜೆ ಕೊಟ್ಟು, ಬದಲಿಗೆ ಇನ್ನೊಂದು ದಿನ ಪಾಠ ಮಾಡಿದರೆ ನಷ್ಟ ಏನೂ ಇಲ್ಲ. ಜಮಾಅತ್ ಕಮಿಟಿಗಳು ಝಿಯಾರತ್‌ಗೆ, ಮದುವೆಗೆ ಬಸ್ಸು ಮಾಡುವ ಹಾಗೆ ಇದಕ್ಕೂ ವರ್ಷಕ್ಕೆ ಒಂದು ಬಸ್ಸು ಮಾಡಲಿ. ನಾಲ್ಕು ಉಮ್ಮಂದಿರು ಜೊತೆಗೆ ಹೋದರೆ ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರಿಗೂ ಧೈರ್ಯ. ಹೊರಡುವಾಗ ಪ್ರತಿ ಮಗುವಿನ ಕೈಗೆ ಒಂದು ಪುಸ್ತಕ, ಒಂದು ಪೆನ್ಸಿಲ್ ಕೊಡಿ. ನೋಡಿದ್ದರಲ್ಲಿ ಇಷ್ಟವಾದ ಒಂದು ಬಳ್ಳಿಯನ್ನೋ, ಒಂದು ಅಕ್ಷರವನ್ನೋ ಬರೆದುಕೊಂಡು ಬರಲಿ. ಯಾರ ಕೈಯಲ್ಲಿ ಎಂತ ಉಂಟು ಎಂದು ಮರುದಿನ ಮದರಸದಲ್ಲಿ ಉಸ್ತಾದರಿಗೂ ತಿಳಿಯುತ್ತದೆ, ಮನೆಯವರಿಗೂ ತಿಳಿಯುತ್ತದೆ.