ಹಳೆ ನಾಣ್ಯಕ್ಕೆ ಲಕ್ಷ ಕೊಡುವವರು ಮೊದಲು ನಿಮ್ಮಿಂದಲೇ ಹಣ ಕೇಳುವುದೇಕೆ?

‘ನಿಮ್ಮ ಹತ್ತಿರ ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟು ಇದೆಯೇ? ವೈಷ್ಣೋದೇವಿ ನಾಣ್ಯ ಇದೆಯೇ? ಮನೆಯಲ್ಲೇ ಕೂತು ಲಕ್ಷಾಧಿಪತಿಯಾಗಿ!’ ಈ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಮತ್ತೆ ತಿರುಗಿ ಬರುತ್ತದೆ. ಈ ಸಲ ನಮಗೆ ಕಳಿಸಿದವರು ಬೇಡಕಿಹಾಳದ ಓದುಗರೊಬ್ಬರು. ಅವರ ಮನೆಯ ಜಗಲಿ ಮೇಲೆ ದೇವರ ಜೊತೆ ಏಳು ತಾಮ್ರದ ನಾಣ್ಯ, ಒಂದು ಬೆಳ್ಳಿ ರೂಪಾಯಿ ಇವೆ. ಫೋಟೊ ಕಳಿಸಿದ ಅರ್ಧ ಗಂಟೆಯಲ್ಲೇ ‘ಖರೀದಿದಾರ’ನ ಉತ್ತರ ಬಂತಂತೆ: ಎಲ್ಲ ಸೇರಿ 18 ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ 2,150 ರೂಪಾಯಿ ಹಾಕಿ. ಜೊತೆಗೆ ರಿಸರ್ವ್ ಬ್ಯಾಂಕಿನ ಲಾಂಛನವಿದ್ದ ಒಂದು ಪತ್ರ. ಹಾಕಲೋ ಬೇಡವೋ ಎಂದು ಅವರು ಕೇಳಿದ್ದಾರೆ.

ಬೇಡ. ಹಳೆ ನೋಟು, ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು, ಲಾಂಛನ ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದೇ ಎಚ್ಚರಿಕೆ ಕೊಟ್ಟಿದೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಇದಕ್ಕಾಗಿ ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದೂ ಹೇಳಿದೆ. ಈ ಮೋಸದಲ್ಲಿ 2,150 ಬರೀ ಮುಂಗಡ. ಅದು ಕೊಟ್ಟರೆ ಜಿಎಸ್‌ಟಿ, ಅದು ಕೊಟ್ಟರೆ ಕೊರಿಯರ್ ವಿಮೆ. ಕೊಟ್ಟ ಹಣ ಹೋಗಬಾರದೆಂಬ ಆಸೆಗೇ ಜನ ಮತ್ತೆ ಮತ್ತೆ ಕೊಡುತ್ತಾರೆ.

ಹಾಗಾದರೆ ಹಳೆಯದಕ್ಕೆ ಬೆಲೆಯೇ ಇಲ್ಲವೇ? ಇದೆ. ಆದರೆ ಬೆಲೆ ಬರುವುದು ವಯಸ್ಸಿನಿಂದಲ್ಲ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಬೇಕೆನ್ನುವವರು ಎಷ್ಟು ಮಂದಿ ಎಂಬುದರಿಂದ. ಅಮೆರಿಕದ ಬೇಸ್‌ಬಾಲ್ ಕಾರ್ಡುಗಳನ್ನೇ ನೋಡಿ. ಆಟಗಾರರ ಚಿತ್ರವಿರುವ ಅಂಗೈಯಗಲದ ರಟ್ಟು ಅದು. ಮಿಕಿ ಮ್ಯಾಂಟಲ್ ಎಂಬ ಆಟಗಾರನ 1952ರ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಆ ವರ್ಷ ಮಾರಾಟವಾಗದೆ ಉಳಿದ ಕಾರ್ಡುಗಳನ್ನು ಕಂಪನಿಯೇ ಮುಂದೆ ಸಮುದ್ರಕ್ಕೆ ಸುರಿದಿತ್ತು! ಹಳೆ ಕಾರ್ಡುಗಳ ಬೆಲೆ ಏರಿದ್ದು ಕಂಡು 1980ರ ದಶಕದ ಕೊನೆಯಲ್ಲಿ ಕಂಪನಿಗಳು ರಾಶಿ ರಾಶಿ ಮುದ್ರಿಸಿದವು, ಜನ ಪೆಟ್ಟಿಗೆಗಟ್ಟಲೆ ಕೂಡಿಟ್ಟರು. ಇವತ್ತು ಅವುಗಳಲ್ಲಿ ಹೆಚ್ಚಿನವನ್ನು ಕೇಳುವವರಿಲ್ಲ.

ನಮ್ಮ ಟ್ರ್ಯಾಕ್ಟರ್ ನೋಟಿನ ಕಥೆಯೂ ಇದೇ. 2012ರ ವೈಷ್ಣೋದೇವಿ ನಾಣ್ಯವನ್ನೂ ಚಲಾವಣೆಗೆಂದೇ ಟಂಕಿಸಿದ್ದು. 786 ಸಂಖ್ಯೆಯ ನೋಟನ್ನು ಇಷ್ಟಪಟ್ಟು ಸ್ವಲ್ಪ ಹೆಚ್ಚು ಕೊಡುವವರು ಇದ್ದಾರೆ, ನಿಜ. ಆದರೆ ಒಂದೇ ಶ್ರೇಣಿಯ 10 ಲಕ್ಷ ನೋಟುಗಳಲ್ಲಿ 786ರಿಂದ ಮುಗಿಯುವವೇ 1,000 ಇರುತ್ತವೆ. ಲಕ್ಷ ಯಾರು ಕೊಡುತ್ತಾರೆ?

ಇನ್ನು ಜಗಲಿ ಮೇಲಿನ ತಾಮ್ರದ ನಾಣ್ಯಗಳು. ಫೋಟೊದಲ್ಲಿ ಒಂದು ಬದಿ ‘ಶ್ರೀ ರಾಜಾ ಶಿವ’, ಇನ್ನೊಂದು ಬದಿ ‘ಛತ್ರಪತಿ’ ಎಂಬ ದೇವನಾಗರಿ ಅಕ್ಷರ ಅರೆಬರೆ ಕಾಣುತ್ತವೆ. ಇವು ಶಿವರಾಯಿ. ಶಿವಾಜಿಯ ಕಾಲದಲ್ಲಿ ಶುರುವಾದ ಈ ನಾಣ್ಯವನ್ನು ಪೇಶ್ವೆಗಳ ಕಾಲದಲ್ಲೂ ಹಲವು ಟಂಕಸಾಲೆಗಳು ಹೊಡೆದವು. ಹಾಗಾಗಿ ಗಡಿಭಾಗದ ಹಳೆ ಮನೆಗಳಲ್ಲಿ ಈಗಲೂ ಸಿಗುತ್ತವೆ, ಸವೆದವು ಸಾಮಾನ್ಯವಾಗಿ ಕೆಲವು ನೂರು ರೂಪಾಯಿ ದಾಟುವುದಿಲ್ಲ. ನಿಜಕ್ಕೂ ಅಪರೂಪದ್ದು ಚಿನ್ನದ ಶಿವರಾಯಿ ಹೊನ್. (ಹೊನ್ ಎಂದರೆ ನಮ್ಮ ಹೊನ್ನೇ.) ಅದಕ್ಕೆ ದೊಡ್ಡ ಬೆಲೆಯಿದೆ, ಅಷ್ಟೇ ನಕಲಿಗಳೂ ಇವೆ.

ಓದುಗರ ಮನೆಯಲ್ಲಿ ಹಬ್ಬಕ್ಕೊಮ್ಮೆ ಹುಣಸೆಹಣ್ಣು, ಬೂದಿ ಹಚ್ಚಿ ನಾಣ್ಯಗಳನ್ನು ತಿಕ್ಕುತ್ತಾರಂತೆ. ಮಾರುವ ಯೋಚನೆಯಿದ್ದರೆ ಇದೊಂದನ್ನು ಇವತ್ತೇ ನಿಲ್ಲಿಸಿ. ತಾಮ್ರದ ಮೇಲೆ ವರ್ಷಾನುಗಟ್ಟಲೆ ಕಟ್ಟಿಕೊಂಡ ಕಂದು ಪದರವನ್ನು ಹುಣಸೆಯ ಆಮ್ಲ ಕರಗಿಸುತ್ತದೆ, ಬೂದಿ ಅಕ್ಷರಗಳನ್ನು ಸವೆಸುತ್ತದೆ. ಸಂಗ್ರಾಹಕರು ಆ ಪದರವನ್ನೇ ನೋಡುತ್ತಾರೆ. ಫಳಫಳ ಹೊಳೆಯುವ ಹಳೆ ನಾಣ್ಯಕ್ಕೆ ಬೆಲೆ ಕಡಿಮೆ.

ಬೆಳ್ಳಿ ರೂಪಾಯಿಯ ಲೆಕ್ಕ ಸುಲಭ. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ಕಾಲದ ರೂಪಾಯಿ 11.66 ಗ್ರಾಂ, ಅದರಲ್ಲಿ ಶೇ. 91.7 ಬೆಳ್ಳಿ. ಅಂದರೆ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರಲ್ಲಿ ನಿಕಲ್ ರೂಪಾಯಿ ಬಂತು. ಇಸವಿ ನೋಡಿ, ದಿನದ ಬೆಳ್ಳಿ ದರಕ್ಕೆ ಗುಣಿಸಿ. ಅದಕ್ಕಿಂತ ಕಡಿಮೆಗೆ ಕೊಡಬೇಡಿ. 1939ರ ರೂಪಾಯಿ ಮಾತ್ರ ಬಲು ಅಪರೂಪ, ಅದನ್ನು ತಿಳಿದವರಿಗೆ ತೋರಿಸದೆ ಮಾರಬೇಡಿ. ಓದುಗರದ್ದು 1919ರದ್ದು.

ಬೆಲೆ ತಿಳಿಯಲು ಆನ್‌ಲೈನ್ ಜಾಹೀರಾತು ನೋಡಿ ಉಪಯೋಗವಿಲ್ಲ. ಅಲ್ಲಿರುವುದು ಮಾರುವವನು ಕೇಳಿದ ಬೆಲೆ, ಯಾರೋ ಕೊಟ್ಟದ್ದಲ್ಲ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈಯ ತೋಡಿವಾಲಾದಂಥ ಹರಾಜು ಸಂಸ್ಥೆಗಳ ಹಳೆ ಹರಾಜುಗಳಲ್ಲಿ ಅಂಥದೇ ನಾಣ್ಯ ಎಷ್ಟಕ್ಕೆ ಹೋಯಿತು ನೋಡಿ.

ಈಗಾಗಲೇ ಹಣ ಹಾಕಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ದೂರು ಕೊಟ್ಟರೆ ಹಣ ಕೈಬದಲಾಗುವ ಮೊದಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಆಧಾರ್, ಪಾಸ್‌ಬುಕ್ ಫೋಟೊ ಕಳಿಸಿದ್ದರೆ ಅದನ್ನೂ ದೂರಿನಲ್ಲಿ ಹೇಳಿ.